ಮೊದಲ ಮಹಾಯುದ್ಧಕ್ಕೆ ಮುಂಚೆ ಬ್ರಿಟಿಷರು ಜರ್ಮನ್ 'ಗೂಢಚಾರರ' ಹಿಂದೆ ಬಿದ್ದಿದ್ದು ನಿಜಾನಾ? ನಮ್ಮ ಬೆಂಗಳೂರಿನಲ್ಲೂ ಇತ್ತಾ?

ಜಯನಗರ_ಜಗಲಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆನ್‌ಲೈನಿನಲ್ಲಿ ಸಿಗುವ ಹಳೇ ಸರ್ಕಾರಿ ಕಡತ ಓದುವುದು ನನ್ನ ಚಟ. ಭಾನುವಾರ ಊಟ ಮುಗಿಸಿ ಲ್ಯಾಪ್‌ಟಾಪ್ ಹಿಡಿದು ಕೂತರೆ ಸಾಯಂಕಾಲದ ಕಾಫಿ ಆರಿಹೋದರೂ ಗೊತ್ತಾಗಲ್ಲ. ಈಚೆಗೆ ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಪರ್ಷಿಯನ್ ಕೊಲ್ಲಿಯ ಬ್ರಿಟಿಷ್ ಕಾಗದಪತ್ರ ಕೆದಕುತ್ತಿದ್ದೆ, 1914ಕ್ಕೆ ಹಿಂದಿನವು. ವೊಂಕ್‌ಹೌಸ್ ಅಂತ ಒಂದು ಜರ್ಮನ್ ವ್ಯಾಪಾರಿ ಕಂಪನಿ. ಎಲ್ಲಿ ನೋಡಿದರೂ ಅದರ ಹೆಸರೇ. ಅವರ ಹಡಗು ಯಾವಾಗ ಬಂತು, ಅವರ ಏಜೆಂಟ್ ಯಾವ ಶೇಖ್ ಮನೆಗೆ ಹೋದ, ಏನು ಮಾತಾಡಿದ, ಇಂಥದ್ದನ್ನೆಲ್ಲ ಬ್ರಿಟಿಷ್ ಅಧಿಕಾರಿಗಳು ಕೂತು ಬರೆದಿದ್ದಾರೆ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಕೂಡ ಇಷ್ಟು ಬರೆಯಲ್ಲ.

ನನಗೆ ಅರ್ಥವಾಗದ ಸಂಗತಿ ಏನಂದರೆ, ಈ ವರದಿಗಳೆಲ್ಲ ಹೋಗುತ್ತಿದ್ದದ್ದು ಶಿಮ್ಲಾಗೆ, ಅಂದರೆ ಭಾರತ ಸರ್ಕಾರಕ್ಕೆ. ಪರ್ಷಿಯಾ, ಬಹ್ರೇನ್, ಕುವೈತಿಗೂ ನಮಗೂ ಏನು ಸಂಬಂಧ? ಆ ಜರ್ಮನ್ನರು ನಿಜವಾಗಿ ಬೇಹುಗಾರರಾಗಿದ್ದರಾ ಅಥವಾ ಸುಮ್ನೆ ವ್ಯಾಪಾರ ಮಾಡಿಕೊಂಡಿದ್ದವರ ಮೇಲೆ ಇವರಿಗೆ ಅನುಮಾನದ ರೋಗವಾ? ಮತ್ತೆ, ಅಷ್ಟು ದೂರದಲ್ಲೇ ಇಷ್ಟು ಕಣ್ಣಿಟ್ಟವರು ಮೈಸೂರು ಸಂಸ್ಥಾನದಲ್ಲಿ, ಬೆಂಗಳೂರು ದಂಡಿನಲ್ಲಿ ಸುಮ್ಮನಿದ್ದರಾ? ನಮ್ಮ ಲಾಲ್‌ಬಾಗಿಗೇ ಒಬ್ಬ ಜರ್ಮನ್ ಇದ್ದರಲ್ಲ. ತಿಳಿದವರು ಹೇಳಿ, ಉದ್ದ ಬರೆದರೂ ಪರವಾಗಿಲ್ಲ.

ಹಳೇ_ದಫ್ತರು:

ಉದ್ದ ಬರೆದರೂ ಪರವಾಗಿಲ್ಲ ಅಂದಿರಿ, ಹಾಗಾದರೆ ಅನುಭವಿಸಿ.

ಮೊದಲು ಶಿಮ್ಲಾ ವಿಷಯ. ಆಗಿನ ಕೊಲ್ಲಿ ಲಂಡನ್ನಿಗಿಂತ ಜಾಸ್ತಿ ಭಾರತಕ್ಕೆ ಅಂಟಿಕೊಂಡಿತ್ತು. ಪರ್ಷಿಯಾ ಕರಾವಳಿಯ ಬುಶೈರಿನಲ್ಲಿ ಕೂತ ರೆಸಿಡೆಂಟ್, ಅಂದರೆ ಬ್ರಿಟಿಷ್ ಪ್ರತಿನಿಧಿ, ಭಾರತ ಸರ್ಕಾರದ ವಿದೇಶಾಂಗ ಇಲಾಖೆಯ ಆಸಾಮಿ, ನಮ್ಮ ಮೈಸೂರಿನ ರೆಸಿಡೆಂಟ್ ಇದ್ದ ಹಾಗೇ. ಅಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿ. ಬುಶೈರ್, ಮಸ್ಕತ್, ಬಹ್ರೇನ್‌ಗಳಲ್ಲಿ ಇದ್ದದ್ದು ಭಾರತೀಯ ಅಂಚೆ ಕಚೇರಿ. ಕರಾಚಿಯಿಂದ ಕೊಲ್ಲಿಯ ತುದಿಯ ಫಾವ್‌ವರೆಗೆ ಸಮುದ್ರದ ತಳದಲ್ಲಿ ತಂತಿ ಹಾಕಿದ್ದು 1864ರಲ್ಲಿ, ಅದನ್ನು ನಡೆಸುತ್ತಿದ್ದದ್ದೂ ಇಂಡೋ-ಯುರೋಪಿಯನ್ ಟೆಲಿಗ್ರಾಫ್ ಇಲಾಖೆ. ಯೋಚನೆ ಮಾಡಿ, ಒಬ್ಬ ಜರ್ಮನ್ ವ್ಯಾಪಾರಿ ಬಹ್ರೇನಿನಿಂದ ಹ್ಯಾಂಬರ್ಗಿಗೆ ಕಾಗದ ಹಾಕಬೇಕು ಅಂದರೆ, ಅವನ ಮೇಲೆ ಕಣ್ಣಿಟ್ಟ ಸರ್ಕಾರದ ಡಬ್ಬಿಗೇ ಹಾಕಬೇಕಿತ್ತು. ಅರ್ಧ ಕೆಲಸ ಅಲ್ಲೇ ಮುಗಿಯಿತಲ್ಲ.

ಇನ್ನು ಅನುಮಾನ ಶುರುವಾದದ್ದು ಎಲ್ಲಿಂದ. ಬರ್ಲಿನ್-ಬಾಗ್ದಾದ್ ರೈಲು ಕೇಳಿರುತ್ತೀರಿ. ಅದರ ಕೊನೆ ನಿಲ್ದಾಣ ಕೊಲ್ಲಿಯ ದಂಡೆಗೆ, ಅದರಲ್ಲೂ ಕುವೈತಿಗೆ ಬಂದರೆ ಜರ್ಮನಿ ಭಾರತದ ಹಿತ್ತಲಿಗೇ ಬಂದ ಹಾಗೆ ಅನ್ನೋ ಭಯ. ಹಾಗಾಗಿ 1899ರ ಜನವರಿಯಲ್ಲೇ ಕುವೈತಿನ ಶೇಖ್ ಮುಬಾರಕ್ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡರು: ನಮ್ಮನ್ನು ಕೇಳದೆ ಯಾರಿಗೂ ಜಾಗ ಕೊಡುವ ಹಾಗಿಲ್ಲ, ಬೇರೆ ದೇಶದ ಪ್ರತಿನಿಧಿಯನ್ನು ಒಳಗೆ ಬಿಟ್ಟುಕೊಳ್ಳುವ ಹಾಗಿಲ್ಲ. ಇದಕ್ಕೆ ಬುಶೈರ್ ಖಜಾನೆಯಿಂದ ಕೊಟ್ಟದ್ದು 15,000 ರೂಪಾಯಿ. ಮರುವರ್ಷವೇ, 1900ರಲ್ಲಿ, ಜರ್ಮನ್ ಕಾನ್ಸುಲ್ ಜನರಲ್ ಸ್ಟೆಮ್‌ರಿಚ್ ರೈಲಿಗೆ ಜಾಗ ನೋಡುವ ತಂಡ ಕಟ್ಟಿಕೊಂಡು ಕುವೈತಿಗೆ ಬಂದ. ಮುಬಾರಕ್ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಅಂತ ಪಾಪ ಅವನಿಗೆ ಆಗ ಗೊತ್ತಿರಲಿಲ್ಲ.

ನಿಮ್ಮ ವೊಂಕ್‌ಹೌಸ್ ಈ ಹೊತ್ತಿಗೆ ಬಂದವನು. 1897ರಲ್ಲಿ ಲಿಂಗೆ ಬಂದರಿನಲ್ಲಿ ಮುತ್ತಿನ ಚಿಪ್ಪಿನ ವ್ಯಾಪಾರದಿಂದ ಶುರು ಮಾಡಿದ. ಮುತ್ತಲ್ಲ, ಚಿಪ್ಪು. ಗುಂಡಿ ಮಾಡೋಕೆ ಯುರೋಪಿಗೆ ಹೋಗುತ್ತಿತ್ತು. ಬ್ರಿಟಿಷ್ ಅಧಿಕಾರಿಗಳ ತಲೆ ಹೇಗೆ ಓಡುತ್ತಿತ್ತು ಅಂದರೆ, ಚಿಪ್ಪಿನಲ್ಲಿ ಅಷ್ಟು ದುಡ್ಡು ಹುಟ್ಟುತ್ತಾ? ಹುಟ್ಟದಿದ್ದರೆ ಇವನಿಗೆ ದುಡ್ಡು ಕೊಡುತ್ತಿರುವವರು ಯಾರು? 1904ರಲ್ಲಿ ಬಹ್ರೇನಿನಲ್ಲಿ ಇವನ ಕಂಪನಿಯ ಒಬ್ಬ ನೌಕರನ ಮೇಲೆ ಹಲ್ಲೆ ಆಯಿತು. ಬ್ರಿಟಿಷರು ತಾವೇ ಮಧ್ಯೆ ಹೋಗಿ ನ್ಯಾಯ ಮಾಡಿಸಿದರು. ಅವನ ಮೇಲಿನ ಪ್ರೀತಿಗಲ್ಲ, ಇದೇ ನೆಪ ಹಿಡಿದು ಬರ್ಲಿನ್ ನೇರವಾಗಿ ತಲೆ ಹಾಕಬಾರದು ಅಂತ. 1906ರಲ್ಲಿ ಹ್ಯಾಂಬರ್ಗ್-ಅಮೆರಿಕಾ ಕಂಪನಿಯ ಹಡಗುಗಳು ಕೊಲ್ಲಿಗೆ ಬರೋಕೆ ಶುರುವಾದವು, ಏಜೆನ್ಸಿ ಇವನದೇ. ಅಬು ಮೂಸಾ ದ್ವೀಪದ ಕೆಮ್ಮಣ್ಣು ಅಗೆಯುವ ಗುತ್ತಿಗೆಯನ್ನೂ ಹಿಡಿದ. ಅಲ್ಲಿಗೆ ಬ್ರಿಟಿಷರ ತಾಳ್ಮೆ ಮುಗಿಯಿತು. 1907ರಲ್ಲಿ ಶಾರ್ಜಾದ ಶೇಖ್ ಆ ಗುತ್ತಿಗೆ ರದ್ದು ಮಾಡಿ ಕೆಲಸಗಾರರನ್ನು ದ್ವೀಪದಿಂದ ಎಬ್ಬಿಸಿದ, ಬೆನ್ನಿಗೆ ಬ್ರಿಟಿಷರಿದ್ದರು ಅಂತ ಬೇರೆ ಹೇಳಬೇಕಿಲ್ಲ.

ಕಣ್ಣಿಡುವ ಕೆಲಸ ನಿಜವಾಗಿ ಹೇಗೆ ನಡೆಯುತ್ತಿತ್ತು ಅನ್ನೋದು ನನಗೆ ಇಷ್ಟವಾದ ಭಾಗ. ಕಪ್ಪು ಕೋಟು, ಕತ್ತಲು ಇದ್ಯಾವುದೂ ಇಲ್ಲ. ಶಾರ್ಜಾದಂಥ ಕಡೆ ರೆಸಿಡೆನ್ಸಿ ಏಜೆಂಟ್ ಅಂತ ಒಬ್ಬ ಸ್ಥಳೀಯ ಆಳು ಇರುತ್ತಿದ್ದ, ಅವನು ಮಾರುಕಟ್ಟೆಯಲ್ಲಿ ಕೇಳಿದ್ದನ್ನೆಲ್ಲ ಬರೆದು ಕಳಿಸುತ್ತಿದ್ದ. ಅದನ್ನು ರೆಸಿಡೆಂಟನ ಕೈಕೆಳಗಿನ ಬ್ರಿಟಿಷ್ ಅಧಿಕಾರಿ, ಪೊಲಿಟಿಕಲ್ ಏಜೆಂಟ್, ತನ್ನ ದಿನಚರಿಗೆ ಸೇರಿಸುತ್ತಿದ್ದ. ದಿನಚರಿ ಬುಶೈರಿಗೆ. ಅಲ್ಲಿ 1904ರಿಂದ ರೆಸಿಡೆಂಟ್ ಪರ್ಸಿ ಕಾಕ್ಸ್, ಮಾತು ಕಮ್ಮಿ, ಮರೆವು ಇಲ್ಲ. ಬುಶೈರಿನಿಂದ ಶಿಮ್ಲಾಗೆ, ಶಿಮ್ಲಾದಿಂದ ಲಂಡನ್ನಿನ ಇಂಡಿಯಾ ಆಫೀಸಿಗೆ, ಪ್ರತಿ ಮೆಟ್ಟಿಲಲ್ಲೂ ಒಂದೊಂದು ನಕಲು. ಇದರ ಜೊತೆಗೆ ಲಾರಿಮರ್ ಅನ್ನೋ ಅಧಿಕಾರಿ ಕೊಲ್ಲಿಯ ಊರೂರಿನ ಮನೆ, ದೋಣಿ, ಒಂಟೆ, ಖರ್ಜೂರದ ಮರ ಎಲ್ಲ ಎಣಿಸಿ ಗೆಜೆಟಿಯರ್ ಮಾಡಿದ. ಮೊದಲು ಹೊರಬಂದ ಸಂಪುಟ 1908ರದ್ದು. ಅದು ಗುಟ್ಟಿನ ಕಡತ, ಅಧಿಕಾರಿಗಳಿಗೆ ಮಾತ್ರ. ಊರಿನಲ್ಲಿ ಎಷ್ಟು ಮರ ಇದೆ ಅಂತ ಗೊತ್ತಿದ್ದರೆ ಹೊಸಬ ಯಾರು ಬಂದ ಅನ್ನೋದು ತಾನಾಗೇ ಗೊತ್ತಾಗುತ್ತೆ.

ಸುಮ್ನೆ_ಓದುಗ:

ಅಂದರೆ ಅವರ ಖರ್ಜೂರದ ಮರ ಎಣಿಸಿದ್ದು ಯಾರು, ಬೇಹುಗಾರ ಅಂತ ಕರೆಸಿಕೊಂಡಿದ್ದು ಯಾರು 😀 ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನೋ ಕಥೆ ಆಯಿತಲ್ಲ ಇದು.

ಹದಿನೈದನೇ_ಅಡ್ಡರಸ್ತೆ:

ಮೇಲಿನವರು ತಮಾಷೆಗೆ ಹೇಳಿದ್ದು ನೂರಕ್ಕೆ ನೂರು ಸರಿ. ಹಳೇ_ದಫ್ತರು ಅವರೇ, ನಿಮ್ಮ ಮಾಹಿತಿ ಚೆನ್ನಾಗಿದೆ, ಆದರೆ ಬ್ರಿಟಿಷ್ ಅಧಿಕಾರಿ ಬರೆದ ಕಡತವನ್ನೇ ಓದಿ ಓದಿ ನಾವು ಅವನ ಕಣ್ಣಿನಿಂದಲೇ ನೋಡೋಕೆ ಶುರು ಮಾಡುತ್ತೇವೆ. ಆ ಕಾಲದಲ್ಲಿ ಅರೇಬಿಯಾದ ಮರುಭೂಮಿಯಲ್ಲಿ ನಕ್ಷೆ ಬರೆಯುತ್ತಾ ಓಡಾಡಿದವರು ಯಾರು? ಕುವೈತಿನ ಪೊಲಿಟಿಕಲ್ ಏಜೆಂಟ್ ಕ್ಯಾಪ್ಟನ್ ಶೇಕ್ಸ್‌ಪಿಯರ್. ಬ್ರಿಟಿಷ್ ಸೇನಾಧಿಕಾರಿ ಲೀಚ್‌ಮನ್. 1914ರ ಶುರುವಿನಲ್ಲಿ ಸಿನಾಯ್ ಪಕ್ಕದ ಮರುಭೂಮಿಯಲ್ಲಿ ಪುರಾತತ್ವ ಅಂತ ಹೇಳಿಕೊಂಡು ಸೇನೆಗೆ ನಕ್ಷೆ ಮಾಡಿಕೊಟ್ಟ ತಂಡದಲ್ಲಿ ಇದ್ದದ್ದು ವೂಲಿ ಮತ್ತು ಲಾರೆನ್ಸ್. ಇತ್ತ ಜರ್ಮನ್ನರ ಕಡೆ ಮ್ಯಾಕ್ಸ್ ಫಾನ್ ಓಪನ್‌ಹೈಮ್ ಸಿರಿಯಾದ ಟೆಲ್ ಹಲಾಫ್‌ನಲ್ಲಿ ಪುರಾತತ್ವದ ಗುಂಡಿ ತೋಡುತ್ತಿದ್ದರೆ ಬ್ರಿಟಿಷರಿಗೆ ಅವನು ಜರ್ಮನ್ ಚಕ್ರವರ್ತಿ ಕೈಸರನ ಗೂಢಚಾರ. ಗುದ್ದಲಿ ಒಂದೇ, ಹಿಡಿದ ಕೈ ಬೇರೆ.

ಇನ್ನೊಂದು ವಿಷಯ. ಇಷ್ಟು ಕಣ್ಣಿಟ್ಟು ಕೊನೆಗೆ ಸಿಕ್ಕಿದ್ದೇನು? ವ್ಯಾಪಾರಿಗಳ ಹಿಂದೆ ಹದಿನೈದು ವರ್ಷ ತಿರುಗಿದರು. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನ್ ಯುದ್ಧನೌಕೆ ಎಮ್ಡೆನ್ ಸೀದಾ ಮದ್ರಾಸಿಗೆ ಬಂದು ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳಿಗೆ ಗುಂಡು ಹೊಡೆದು ಬೆಂಕಿ ಇಟ್ಟು ಅರ್ಧ ಗಂಟೆಯೊಳಗೆ ಮಾಯವಾಯಿತು. ಯಾವ ದಿನಚರಿಯೂ ಅದನ್ನು ಮೊದಲೇ ಹೇಳಿರಲಿಲ್ಲ. ಆಮೇಲೆ ಮದ್ರಾಸಿನಿಂದ ಜನ ಗಂಟುಮೂಟೆ ಕಟ್ಟಿಕೊಂಡು ಓಡಿದರು.

ಲಂಡನ್ನಿನಲ್ಲಿ ಮಾತ್ರ ಒಂದು ಕೆಲಸ ಚೆನ್ನಾಗಿ ನಡೆಯಿತು, ಅದನ್ನು ಒಪ್ಪಬೇಕು. ಕಾರ್ಲ್ ಗುಸ್ತಾಫ್ ಎರ್ನ್ಸ್ಟ್ ಅಂತ ಒಬ್ಬ ಕ್ಷೌರಿಕ, ಕ್ಯಾಲೆಡೋನಿಯನ್ ರೋಡಿನಲ್ಲಿ ಅಂಗಡಿ. ಜರ್ಮನಿಯಿಂದ ಬರುವ ಕಾಗದಗಳಿಗೆ ಬೇರೆ ಸ್ಟಾಂಪು ಹಚ್ಚಿ ಬ್ರಿಟನ್ನಿನಲ್ಲಿದ್ದ ಜರ್ಮನ್ ಏಜೆಂಟರಿಗೆ ಹಾಕುವುದು ಅವನ ಕೆಲಸ. ಬ್ರಿಟಿಷರು ಅವನನ್ನು ಹಿಡಿಯಲಿಲ್ಲ. ಅವನ ಅಂಚೆಯನ್ನು ದಾರಿಯಲ್ಲೇ ಬಿಚ್ಚಿ, ಓದಿ, ಮುಚ್ಚಿ, ಮತ್ತೆ ಕಳಿಸುತ್ತಾ ವರ್ಷಗಟ್ಟಲೆ ಕಾದರು. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾದ ಕೂಡಲೇ ಅವನನ್ನೂ ಅವನ ಕಾಗದ ಸೇರುತ್ತಿದ್ದ ವಿಳಾಸದವರನ್ನೂ ಹಿಡಿದರು. ಅವನಿಗೆ 7 ವರ್ಷ ಶಿಕ್ಷೆ. ಹೀಗೆ ಅಂಚೆ ಬಿಚ್ಚುವ ಅನುಮತಿಯನ್ನು ಸಲೀಸು ಮಾಡಿಕೊಟ್ಟ ಗೃಹಮಂತ್ರಿ ಯಾರು ಗೊತ್ತಾ? ಚರ್ಚಿಲ್. ನಮ್ಮ ದಂಡಿನಲ್ಲಿ ಪೋಲೋ ಆಡಿಕೊಂಡಿದ್ದು ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ ಅದೇ ಆಸಾಮಿ.

ಹಳೇ_ದಫ್ತರು:

@ಹದಿನೈದನೇ_ಅಡ್ಡರಸ್ತೆ, ನಕ್ಷೆ ಬರೆದದ್ದು ಇಬ್ಬರೂ ಅನ್ನೋದರಲ್ಲಿ ಜಗಳ ಇಲ್ಲ. ಆದರೆ ಎಲ್ಲರೂ ಬರೀ ವ್ಯಾಪಾರಿಗಳು ಅನ್ನೋದನ್ನು ನಾನು ಒಪ್ಪಲ್ಲ. ವಾಸ್‌ಮುಸ್ ಕಥೆ ನೋಡಿ.

ವಿಲ್‌ಹೆಲ್ಮ್ ವಾಸ್‌ಮುಸ್ 1909ರಲ್ಲಿ ಬುಶೈರಿಗೆ ಬಂದ ಜರ್ಮನ್ ಕಾನ್ಸುಲ್. ಹೋಗಿ 1913ರಲ್ಲಿ ಮತ್ತೆ ಬಂದ. ಬ್ರಿಟಿಷ್ ರೆಸಿಡೆನ್ಸಿ ಇದ್ದ ಊರಿನಲ್ಲೇ ವಾಸ. ಪಾರ್ಸಿ ಭಾಷೆ ಚೆನ್ನಾಗಿ ಕಲಿತ, ಗುಡ್ಡಗಾಡಿನ ತಂಗಿಸ್ತಾನಿ ಜನರ ಸ್ನೇಹ ಬೆಳೆಸಿದ. ಯಾವುದೂ ಗುಟ್ಟಲ್ಲ, ಎಲ್ಲ ಕಣ್ಣೆದುರೇ. ಯುದ್ಧ ಶುರುವಾದ ಮೇಲೆ ಅದೇ ಮನುಷ್ಯ ಅದೇ ಸ್ನೇಹಿತರನ್ನು ಎಬ್ಬಿಸಿ ದಕ್ಷಿಣ ಪರ್ಷಿಯಾದಲ್ಲಿ ಬ್ರಿಟಿಷರಿಗೆ ನಿದ್ದೆ ಕೆಡಿಸಿದ. 1915ರಲ್ಲಿ ಬೆಹ್ಬಹಾನ್ ಹತ್ತಿರ ಒಮ್ಮೆ ಹಿಡಿದೂ ಹಿಡಿದರು. ಕುದುರೆಗೆ ಹುಷಾರಿಲ್ಲ, ನೋಡಿ ಬರುತ್ತೇನೆ ಅಂತ ರಾತ್ರಿಯೆಲ್ಲ ಮತ್ತೆ ಮತ್ತೆ ಎದ್ದು ಹೋಗಿ, ಕಾವಲಿನವರಿಗೆ ಅದು ಅಭ್ಯಾಸವಾದ ಮೇಲೆ ಅದೇ ಕುದುರೆ ಹತ್ತಿ ಪರಾರಿಯಾದ ಅನ್ನೋ ಕಥೆ ಇದೆ. ಕಥೆಗೆ ಉಪ್ಪುಖಾರ ಬಿದ್ದಿರಬಹುದು. ತಪ್ಪಿಸಿಕೊಂಡಿದ್ದು, ಸಾಮಾನು ಬಿಟ್ಟು ಹೋಗಿದ್ದು ನಿಜ.

ಅಂದರೆ ಕಡತದಲ್ಲಿ ಅವನ ಹೆಸರಿತ್ತು, ಓಡಾಟ ಇತ್ತು, ಯಾರ ಜೊತೆ ಊಟ ಮಾಡಿದ ಅನ್ನೋದೂ ಇದ್ದೀತು. ಅವನ ತಲೆಯಲ್ಲಿ ಏನಿತ್ತು ಅನ್ನೋದು ಇರಲಿಲ್ಲ. ಬಹುಶಃ ಯುದ್ಧಕ್ಕೆ ಮುಂಚೆ ಅವನಿಗೇ ಗೊತ್ತಿರಲಿಲ್ಲ. ಈ ಕಾರಣಕ್ಕೇ 'ಅವನು ಬೇಹುಗಾರನಾಗಿದ್ದನಾ' ಅನ್ನೋ ಪ್ರಶ್ನೆಗೆ ಹೌದು ಇಲ್ಲ ಅಂತ ಉತ್ತರ ಸಿಗಲ್ಲ. ಶಾಂತಿ ಇರುವವರೆಗೆ ಕಾನ್ಸುಲ್, ಜಗಳ ಬಿದ್ದ ದಿನದಿಂದ ಬೇರೆ.

ಇನ್ನು ಏನು ಸಿಕ್ಕಿತು ಅಂದಿರಿ. ಪಟ್ಟಿ ಸಿಕ್ಕಿತು. ಯಾರು ಎಲ್ಲಿದ್ದಾರೆ ಅಂತ ಮೊದಲೇ ಬರೆದಿಟ್ಟಿದ್ದರಿಂದ ಯುದ್ಧ ಬಂದಾಗ ಹುಡುಕಾಡಬೇಕಾಗಲಿಲ್ಲ. 1914ರ ಅಕ್ಟೋಬರಿನಲ್ಲಿ ಭಾರತದ ಸೇನೆಯ ಮೊದಲ ದಳ ಬಹ್ರೇನ್ ಪಕ್ಕ ಲಂಗರು ಹಾಕಿತ್ತು, ನವೆಂಬರ್ 6ಕ್ಕೆ ಫಾವ್‌ನಲ್ಲಿ ಇಳಿಯಿತು, 22ರ ಹೊತ್ತಿಗೆ ಬಸ್ರಾ ಕೈಯಲ್ಲಿತ್ತು. ಮುಂದಿನ ಮಾರ್ಚಿನಲ್ಲಿ ಬುಶೈರಿನ ಜರ್ಮನ್ ಕಾನ್ಸುಲ್ ಲಿಸ್ಟೆಮಾನ್‌ನನ್ನೇ ಹಿಡಿದು ಭಾರತಕ್ಕೆ ಸಾಗಿಸಿದರು. ಪರ್ಷಿಯಾ ತಟಸ್ಥ ದೇಶ ಅನ್ನೋದನ್ನು ಯಾರೂ ಕೇಳಲಿಲ್ಲ.

ದಂಡಿನ_ಹುಡುಗಿ:

ಬೆಂಗಳೂರಿನ ಪ್ರಶ್ನೆಯನ್ನು ಎಲ್ಲರೂ ಮರೆತ ಹಾಗಿದೆ, ನಾನು ಹೇಳುತ್ತೇನೆ.

ಇಲ್ಲಿ ಕಣ್ಣಿಡೋಕೆ ಬೇಹುಗಾರರೇ ಬೇಕಿರಲಿಲ್ಲ, ಕಾಗದದಲ್ಲೇ ಕಟ್ಟಿಹಾಕಿದ್ದರು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟಾಗ ಒಂದು ಉದ್ದದ ಷರತ್ತುಪತ್ರ ಬರೆಸಿಕೊಂಡರು. ಅದರಲ್ಲಿ ಒಂದು ಕಲಮು, ಭಾರತೀಯರಲ್ಲದ ಯಾರನ್ನೂ ಗವರ್ನರ್ ಜನರಲ್ ಒಪ್ಪಿಗೆ ಇಲ್ಲದೆ ಮಹಾರಾಜರು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ, ಇಟ್ಟುಕೊಂಡವರನ್ನು ತೆಗೆಯಿರಿ ಅಂದರೆ ತೆಗೆಯಬೇಕು. ಬೇರೆ ದೇಶದ ಜೊತೆ, ಬೇರೆ ಸಂಸ್ಥಾನದ ಜೊತೆ ನೇರ ವ್ಯವಹಾರವೂ ಇಲ್ಲ. ಎಲ್ಲವೂ ರೆಸಿಡೆಂಟ್ ಮೂಲಕ. ಈಗಿನ ರಾಜಭವನ ಇದೆಯಲ್ಲ, ಅದೇ ಅವನ ಮನೆ.

ಹಾಗಾಗಿ 1908ರಲ್ಲಿ ಕ್ರುಂಬಿಗಲ್ ಬರೋಡದಿಂದ ಲಾಲ್‌ಬಾಗಿಗೆ ಬಂದದ್ದೂ ಈ ಕಲಮಿನ ಕೆಳಗೇ. ಡ್ರೆಸ್ಡನ್ ಹತ್ತಿರದ ಊರಿನವರು, ಲಂಡನ್ನಿನ ಕ್ಯೂ ಗಾರ್ಡನ್ನಿನಲ್ಲಿ ಕೆಲಸ ಮಾಡಿದವರು, 1893ರಿಂದ ಭಾರತದಲ್ಲಿದ್ದವರು. ಬೇರೆ ಬೇರೆ ದೇಶದ ತೋಟಗಳ ಜೊತೆ ಬೀಜ, ಸಸಿ ಕೊಟ್ಟು ತರಿಸಿಕೊಳ್ಳುವುದು ಅವರ ದಿನದ ಕೆಲಸ. ಹೊರದೇಶಕ್ಕೆ ಇಷ್ಟು ಅಂಚೆ ಹಾಕುವ ಇನ್ನೊಬ್ಬ ಜರ್ಮನ್ ಆಗ ಬೆಂಗಳೂರಿನಲ್ಲಿ ಇದ್ದರೋ ಇಲ್ಲವೋ. ಅನುಮಾನಪಡಬೇಕು ಅಂತ ಕೂತವರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ! ಆದರೂ ಅವರು 1932ರಲ್ಲಿ ನಿವೃತ್ತರಾಗುವವರೆಗೂ ಮೈಸೂರಿನ ಸೇವೆಯಲ್ಲಿದ್ದರು, 1956ರಲ್ಲಿ ಇಲ್ಲೇ ತೀರಿಕೊಂಡರು. ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರ ಹೆಸರೇ ಇದೆ. ಅರಮನೆಯ ವಿಶ್ವಾಸ ಇದ್ದರೆ ಪಾಸ್‌ಪೋರ್ಟಿನ ಬಣ್ಣಕ್ಕೆ ಸ್ವಲ್ಪ ರಿಯಾಯಿತಿ ಸಿಗುತ್ತಿತ್ತು ಅಂತ ನನ್ನ ಲೆಕ್ಕ.

ಇನ್ನೊಂದು ಮಜಾ, ಆಗ ಬೆಂಗಳೂರು ಒಂದಲ್ಲ, ಎರಡು. ಪೇಟೆ ಕಡೆ ಮಹಾರಾಜರ ಪೊಲೀಸು, ದಂಡಿನ ಕಡೆ ರೆಸಿಡೆಂಟನ ಪೊಲೀಸು, ಬೇರೆ ಕೋರ್ಟು, ಬೇರೆ ಕಾನೂನು. ಒಬ್ಬನ ಹಿಂದೆ ಬಿದ್ದ ಪೇದೆ ಕಬ್ಬನ್ ಪಾರ್ಕ್ ದಾಟುವಷ್ಟರಲ್ಲಿ ಯಾರ ಸರಹದ್ದು ಅಂತ ಯೋಚನೆ ಮಾಡಬೇಕಿತ್ತು. 1947ರ ಜುಲೈವರೆಗೂ ಇದೇ ಏರ್ಪಾಡು. ಈಗ ಯಾವ ಠಾಣೆಗೆ ಹೋದರೂ 'ನಮ್ಮ ಲಿಮಿಟ್ಸ್ ಅಲ್ಲ' ಅನ್ನುವ ಪದ್ಧತಿ ಅಲ್ಲಿಂದಲೇ ಬಂತೇನೋ!

ಎರಡನೇ ಯುದ್ಧದ ಮುಂಚಿನ ಕಥೆ ಬೇರೆಯೇ. ಆಗ ಬಂದ ಜರ್ಮನ್ನರಲ್ಲಿ ಹಿಟ್ಲರ್‌ನಿಂದ ತಪ್ಪಿಸಿಕೊಂಡು ಬಂದವರಿದ್ದರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935-36ರಲ್ಲಿ ಆರು ತಿಂಗಳು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಈಗಿನ ಐಐಎಸ್‌ಸಿ) ಇದ್ದರು, ಅವರನ್ನು ಇಲ್ಲೇ ಉಳಿಸಿಕೊಳ್ಳಲು ಸಿ.ವಿ. ರಾಮನ್ ನೋಡಿದರು, ಆಗಲಿಲ್ಲ. ಅಲ್ಲಿದ್ದ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಸಭೆಯಲ್ಲೇ ಎದ್ದು ಸ್ವಂತ ದೇಶದಿಂದ ಓಡಿಸಿದ ಎರಡನೇ ದರ್ಜೆಯವನು ನಮಗ್ಯಾಕೆ ಅನ್ನೋ ಧಾಟಿಯಲ್ಲಿ ಮಾತಾಡಿದ. ಆ ಎರಡನೇ ದರ್ಜೆಯವರಿಗೆ 1954ರಲ್ಲಿ ನೊಬೆಲ್ ಬಂತು. ಓಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಬಂದರು. ಯಹೂದಿ, ನಾಜಿಗಳಿಗೆ ಬೇಡವಾದವರು. ಆದರೆ ಕಾಗದದಲ್ಲಿ ಹುಟ್ಟೂರು ಬರ್ಲಿನ್.

ಕುಡ್ಲದ_ಹೆಂಚು:

ನಾನು ಮಂಗಳೂರಿನವನು, ಈಗ ಬೆಂಗಳೂರಿನಲ್ಲಿ. ಕನ್ನಡ ನಾಡಿನಲ್ಲಿ ಜರ್ಮನ್ನರು ಅಂದರೆ ಲಾಲ್‌ಬಾಗ್ ಒಂದೇ ಹೇಳಿದರೆ ಹೇಗೆ? ಬಾಸೆಲ್ ಮಿಷನ್ ಬೇಡವಾ?

ಮಿಷನ್ನಿನ ಮುಖ್ಯ ಕಚೇರಿ ಇದ್ದದ್ದು ಸ್ವಿಟ್ಜರ್‌ಲೆಂಡಿನಲ್ಲಿ, ಆದರೆ ಪಾದ್ರಿಗಳಲ್ಲಿ ಜರ್ಮನ್ನರೇ ಜಾಸ್ತಿ. ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ತಂದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್, ಇಬ್ಬರೂ ಇದೇ ಮಿಷನ್ನಿನವರು. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನಮ್ಮ ಹಳೇ ಮನೆಯ ಮಾಡು ಬಿಚ್ಚಿಸಿದಾಗ ಮಸಿ ಹಿಡಿದ ಹೆಂಚುಗಳನ್ನು ತಿರುಗಿಸಿದರೆ ಹಿಂದೆ ಬಾಸೆಲ್ ಮಿಷನ್ ಅಂತ ಅಚ್ಚು ಇನ್ನೂ ಸ್ಪಷ್ಟವಾಗಿತ್ತು. ಈಗ ಅಂಥ ಹೆಂಚನ್ನು ಇಂದಿರಾನಗರದ ಕೆಫೆಯವರು ಅಲಂಕಾರಕ್ಕೆ ಗೋಡೆಗೆ ಅಂಟಿಸುತ್ತಾರೆ, ಇರಲಿ.

ಈ ಜನ ಊರೂರಿಗೆ ಹೋಗಿ, ತುಳು ಕನ್ನಡ ಕಲಿತು, ಗಾದೆ ಬರೆದುಕೊಂಡು, ಜಾತಿ ಪದ್ಧತಿ ಬರೆದುಕೊಂಡು ವರ್ಷಕ್ಕೊಮ್ಮೆ ಬಾಸೆಲ್‌ಗೆ ವರದಿ ಕಳಿಸುತ್ತಿದ್ದರು. ಗುಟ್ಟಾಗಿಯೂ ಅಲ್ಲ, ಅಚ್ಚು ಹಾಕಿ. ಎಪ್ಪತ್ತು ವರ್ಷ ಯಾವ ಕಲೆಕ್ಟರನಿಗೂ ಇದು ಬೇಹುಗಾರಿಕೆ ಅನ್ನಿಸಲಿಲ್ಲ. ಇವರನ್ನು ಕಂಡರೆ ಎಷ್ಟೋ ಕಲೆಕ್ಟರರಿಗೆ ಖುಷಿಯೇ, ಶಾಲೆ ಕಟ್ಟುತ್ತಾರೆ ಅಂತ. ಖಾಕಿ ಬಣ್ಣ ಮೊದಲು ತಯಾರಾದದ್ದು ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ, ಹಾಲರ್ ಅನ್ನೋ ಮಿಷನ್ನಿನವರಿಂದ ಅಂತ ನಮ್ಮ ಕಡೆ ಹೇಳುತ್ತಾರೆ. ಅದು ನಿಜವಾದರೆ ಇವರನ್ನು ಹಿಡಿಯಲು ಬಂದ ಸಿಪಾಯಿ ಹಾಕಿದ್ದ ಬಟ್ಟೆಯೂ ಇವರದೇ.

1914ರ ಆಗಸ್ಟ್ ಬಂತು ನೋಡಿ, ಎಲ್ಲ ಬದಲಾಯಿತು. ವಿದೇಶಿಯರ ಮೇಲೆ ಸುಗ್ರೀವಾಜ್ಞೆ ಬಂತು. ಹಿಂದಿನ ವರ್ಷ ಎಮ್ಡೆನ್ ಮದ್ರಾಸಿಗೆ ಹಾಕಿದ ಗುಂಡಿನ ಹೊಗೆ 1915ರಲ್ಲೂ ಜನರ ತಲೆಯಲ್ಲಿತ್ತು, ಜರ್ಮನ್ ಪಾದ್ರಿಗಳನ್ನು ಒಬ್ಬೊಬ್ಬರಾಗಿ ಶಿಬಿರಗಳಿಗೆ ಒಯ್ದರು. ಸೇನೆಗೆ ಸೇರುವ ವಯಸ್ಸಿನವರು ಅಹಮದ್‌ನಗರಕ್ಕೆ. ಬಳ್ಳಾರಿ, ಬೆಳಗಾವಿಯಲ್ಲೂ ಶಿಬಿರಗಳಿದ್ದವು. ಆಮೇಲೆ ಗೋಲ್ಕೊಂಡಾ ಅನ್ನೋ ಹಡಗಿನಲ್ಲಿ ಬಹಳಷ್ಟು ಮಿಷನರಿ ಕುಟುಂಬಗಳನ್ನು ಯುರೋಪಿಗೆ ಸಾಗಿಸಿದರು. ಹೆಂಚಿನ ಕಾರ್ಖಾನೆಗಳು, ನೇಯ್ಗೆ ಮಗ್ಗಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದ ಹಾಗೆ, ಕೈಸರನ ಜಗಳಕ್ಕೆ ಜೆಪ್ಪುವಿನ ಹೆಂಚು ಸುಡುವವರು ದಂಡ ಕಟ್ಟಿದರು. ಎಷ್ಟೋ ಸ್ಥಳೀಯ ಕೆಲಸಗಾರರ ಬಾಳೂ ಅದರ ಜೊತೆ ಅಲ್ಲಾಡಿತು, ಆ ಬಗ್ಗೆ ಬ್ರಿಟಿಷ್ ಕಡತದಲ್ಲಿ ಹುಡುಕಬೇಡಿ, ಚರ್ಚಿನ ದಾಖಲೆ ನೋಡಿ.

ಜಯನಗರ_ಜಗಲಿ:

ಅಬ್ಬಾ, ಒಂದು ವಾರಕ್ಕೆ ಆಗುವಷ್ಟು ಆಯಿತು. ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ ಉಳಿದಿದೆ. ಮೊದಲ ಯುದ್ಧದಲ್ಲಿ ಇಷ್ಟೆಲ್ಲ ಕಲಿತವರು ಎರಡನೇ ಯುದ್ಧದ ಹೊತ್ತಿಗೆ ಸುಧಾರಿಸಿರಬೇಕಲ್ಲ? ಮತ್ತೆ ಸಿಂಗಾಪುರದಲ್ಲಿ ಜಪಾನಿನವರು ಅಷ್ಟು ಸಲೀಸಾಗಿ ಹೇಗೆ ಒಳಗೆ ಬಂದರು?

ಚಾಂಗಿ_ಟು_ಚಾಮರಾಜಪೇಟೆ:

ಸಿಂಗಾಪುರದಲ್ಲಿ ಕೆಲಸ ಮಾಡಿ ವಾಪಸ್ ಬಂದವನು, ಇದು ನನ್ನ ಪಾಲಿಗೆ.

ಅಲ್ಲೂ ಕಣ್ಣಿಟ್ಟಿದ್ದರು. ಚೆನ್ನಾಗೇ ಇಟ್ಟಿದ್ದರು. 1936ರಿಂದ ಹೇಲಿ ಬೆಲ್ ಅನ್ನೋ ಕರ್ನಲ್ ಸಿಂಗಾಪುರದಲ್ಲಿ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ5ನ ಕೆಲಸ ನೋಡುತ್ತಿದ್ದರು. ಚೀನೀ ಭಾಷೆ ಬಲ್ಲವರು. ಮಲಯಾದಲ್ಲಿ ಆಗ ಎಲ್ಲಿ ನೋಡಿದರೂ ಜಪಾನೀ ಫೋಟೋ ಸ್ಟುಡಿಯೋ, ಹಲ್ಲಿನ ಡಾಕ್ಟರು, ಕ್ಷೌರದಂಗಡಿ, ಮೀನುಗಾರಿಕೆ ದೋಣಿ, ರಬ್ಬರ್ ತೋಟ. ಎಲ್ಲರೂ ಬೇಹುಗಾರರಲ್ಲ, ಆದರೆ ಬಂದರಿನ ಪಕ್ಕದ ಫೋಟೋ ಸ್ಟುಡಿಯೋದಲ್ಲಿ ಸಿಪಾಯಿಗಳು ತಾವಾಗೇ ಹೋಗಿ ಫೋಟೋ ತೆಗೆಸಿಕೊಂಡರೆ ಯಾವ ದಳ ಬಂದಿದೆ ಅಂತ ಬೇರೆ ಕೇಳಬೇಕಾ? ದಾಳಿ ಬಂದರೆ ಸಮುದ್ರದ ಕಡೆಯಿಂದಲ್ಲ, ಉತ್ತರದಿಂದ, ನೆಲದ ಮೇಲಿಂದ ಬರುತ್ತೆ ಅಂತ ಹೇಲಿ ಬೆಲ್ ಎಚ್ಚರಿಸಿದರು. ಮೇಲಿನವರಿಗೆ ರುಚಿಸಲಿಲ್ಲ. 1939ರಲ್ಲಿ ವಾಪಸ್ ಕಳಿಸಿದರು.

ಜಪಾನ್ ಕಾನ್ಸುಲೇಟಿನ ಪತ್ರಿಕಾ ಅಧಿಕಾರಿ ಶಿನೋಝಾಕಿ ಮಾಮೊರು ಒಬ್ಬ ಬ್ರಿಟಿಷ್ ಸಿಪಾಯಿಯಿಂದ ಮಾಹಿತಿ ತೆಗೆದುಕೊಂಡ ಅಂತ 1940ರ ಸೆಪ್ಟೆಂಬರಿನಲ್ಲಿ ಹಿಡಿದರು. ಮೂರೂವರೆ ವರ್ಷ ಶಿಕ್ಷೆ, ಚಾಂಗಿ ಜೈಲು. 1942ರ ಫೆಬ್ರುವರಿ 15ಕ್ಕೆ ಸಿಂಗಾಪುರ ಬಿತ್ತು, ಅವನನ್ನು ಹೊರಗೆ ಬಿಡಿಸಿದರು. ವಿಚಿತ್ರ ಏನಂದರೆ, ಆಮೇಲೆ ಜಪಾನೀ ಸೇನೆ ಚೀನೀಯರನ್ನು ಸಾಲಾಗಿ ನಿಲ್ಲಿಸಿ ಕೊಲ್ಲುತ್ತಿದ್ದಾಗ ಇವನೇ ರಾಶಿ ರಾಶಿ ರಕ್ಷಣಾ ಚೀಟಿ ಹಂಚಿ ಜೀವ ಉಳಿಸಿದ. ಯುದ್ಧ ಮುಗಿದ ಮೇಲೆ ಅವನ ಪರವಾಗಿ ಮಾತಾಡಿದ ಸ್ಥಳೀಯರೂ ಇದ್ದರು.

ಆದರೆ ಬ್ರಿಟಿಷರಿಗೆ ಜಾಸ್ತಿ ನೋವು ಕೊಟ್ಟ ಹೆಸರು ಜಪಾನೀ ಅಲ್ಲ. ಕ್ಯಾಪ್ಟನ್ ಪ್ಯಾಟ್ರಿಕ್ ಹೀನನ್. ನ್ಯೂಜಿಲೆಂಡಿನಲ್ಲಿ ಹುಟ್ಟಿದವನು, ಬ್ರಿಟಿಷ್ ಇಂಡಿಯನ್ ಆರ್ಮಿಯ ಪಂಜಾಬ್ ರೆಜಿಮೆಂಟಿನ ಅಧಿಕಾರಿ. ಉತ್ತರ ಮಲಯಾದ ವಿಮಾನ ನಿಲ್ದಾಣಗಳ ಜೊತೆ ಸಂಪರ್ಕ ನೋಡಿಕೊಳ್ಳುವ ಕೆಲಸ. 1941ರ ಡಿಸೆಂಬರ್ 8ಕ್ಕೆ ಜಪಾನ್ ಕೋಟಾ ಭಾರುವಿನಲ್ಲಿ ಇಳಿಯಿತು, 10ಕ್ಕೆ ಇವನನ್ನು ಹಿಡಿದರು. ಶತ್ರುವಿಗೆ ಸುದ್ದಿ ಕೊಡುತ್ತಿದ್ದ ಅಂತ ಸಿಂಗಾಪುರದಲ್ಲಿ ವಿಚಾರಣೆ ಮಾಡಿದರು. ನಗರ ಬೀಳುವ ಒಂದೆರಡು ದಿನ ಮುಂಚೆ ಗುಂಡಿಟ್ಟರು ಅಂತ ಹೇಳುತ್ತಾರೆ. ಕ್ಷೌರಿಕರ, ಮೀನುಗಾರರ ಪಟ್ಟಿ ಉದ್ದ ಬೆಳೆಯುತ್ತಿತ್ತು, ಮೆಸ್ಸಿನಲ್ಲಿ ಜೊತೆಗೆ ಕೂತು ವಿಸ್ಕಿ ಕುಡಿಯುವವನ ಹೆಸರು ಆ ಪಟ್ಟಿಗೆ ಬರೋಕೆ ಸಾಧ್ಯವೇ ಇರಲಿಲ್ಲ. ಬಿಳಿ ಚರ್ಮ, ಅದೇ ಸಮವಸ್ತ್ರ. ಅವರ ಕಣ್ಣು ಇದ್ದದ್ದೇ ಹೊರಗಿನವರ ಮೇಲೆ.

ಹದಿನೈದನೇ_ಅಡ್ಡರಸ್ತೆ:

ಈ ಕೊನೆಯ ಸಾಲನ್ನೇ ನಾನು ಮೊದಲಿಂದ ಹೇಳುತ್ತಿರುವುದು.

ಹಳೇ_ದಫ್ತರು:

ಇದಕ್ಕೆ ನನ್ನ ತಕರಾರಿಲ್ಲ. ಒಂದು ಮಾತು ಸೇರಿಸುತ್ತೇನೆ. ಭಾರತದೊಳಗೆ ಈ ಕೆಲಸಕ್ಕೆ ಅಂತ ಕರ್ಜನ್ 1904ರಲ್ಲಿ ಕ್ರಿಮಿನಲ್ ಇಂಟೆಲಿಜೆನ್ಸ್ ಇಲಾಖೆ ಮಾಡಿದ. 1909ರಲ್ಲಿ ಮದನ್‌ಲಾಲ್ ಧಿಂಗ್ರಾ ಲಂಡನ್ನಿನಲ್ಲಿ ಕರ್ಜನ್ ವೈಲಿ ಅನ್ನೋ ಬೇರೊಬ್ಬ ಬ್ರಿಟಿಷ್ ಅಧಿಕಾರಿಯನ್ನು ಕೊಂದ ಮೇಲೆ ಲಂಡನ್ನಿನಲ್ಲೂ ಒಂದು ಪುಟ್ಟ ಕಚೇರಿ ಹುಟ್ಟಿತು, ನಡೆಸಿದವನು ವಾಲಿಂಜರ್ ಅನ್ನೋ ಪೊಲೀಸ್ ಅಧಿಕಾರಿ. ಹೆಸರಿಗೆ ವಿದೇಶಿ ಕೈವಾಡ ಹುಡುಕುವುದು. ನಿಜವಾಗಿ ಅವರ ಸಮಯವೆಲ್ಲ ಹೋದದ್ದು ನಮ್ಮ ಕ್ರಾಂತಿಕಾರಿಗಳ ಹಿಂದೆ. ಜರ್ಮನ್ನರ ಮೇಲೆ ಕಣ್ಣು ಬಿದ್ದದ್ದೂ ಬಹುಪಾಲು ಇದೇ ಕಾರಣಕ್ಕೆ, ಜರ್ಮನ್ನರು ನಮ್ಮವರಿಗೆ ಬಂದೂಕು ಕೊಡುತ್ತಾರಾ ಅಂತ. ಅದು ಸುಳ್ಳು ಭಯವೂ ಅಲ್ಲ, 1915ರಲ್ಲಿ ಆನಿ ಲಾರ್ಸನ್ ಹಡಗಿನಲ್ಲಿ ಬ್ರಿಟಿಷರ ವಿರುದ್ಧ ದಂಗೆಗೆ ಹೊರಟ ಗದರ್ ಪಕ್ಷಕ್ಕೆ ಬಂದೂಕು ತುಂಬಿಸಿದ್ದು ಜರ್ಮನ್ನರೇ. ಬಂದೂಕು ಭಾರತ ಮುಟ್ಟಲಿಲ್ಲ ಅಷ್ಟೇ.

ದಂಡಿನ_ಹುಡುಗಿ:

ಕಾನೂನು ಓದಿದವಳು, ಇದನ್ನು ಹೇಳದೆ ಹೋದರೆ ಸಮಾಧಾನ ಇಲ್ಲ. ರಿಜಿಸ್ಟ್ರೇಷನ್ ಆಫ್ ಫಾರಿನರ್ಸ್ ಕಾಯ್ದೆ 1939ರ ಏಪ್ರಿಲ್‌ನಲ್ಲಿ ಬಂತು, ಯುದ್ಧಕ್ಕೆ ಐದು ತಿಂಗಳು ಮುಂಚೆ. ಯಾವ ವಿದೇಶಿ ಎಲ್ಲಿದ್ದಾನೆ ಅಂತ ಸರ್ಕಾರಕ್ಕೆ ಬರೆದು ಕೊಡಬೇಕು, ಹೋಟೆಲಿನವರೂ ತಿಳಿಸಬೇಕು. ಸೆಪ್ಟೆಂಬರ್ 3ಕ್ಕೆ ಯುದ್ಧ ಘೋಷಣೆ ಆದಾಗ ಜರ್ಮನ್ನರನ್ನು ಒಟ್ಟುಹಾಕೋಕೆ ತಡವಾಗಲಿಲ್ಲ. ನಂಗಾ ಪರ್ಬತ ನೋಡಿಕೊಂಡು ಕರಾಚಿಯಲ್ಲಿ ಹಡಗಿಗೆ ಕಾಯುತ್ತಿದ್ದ ಪರ್ವತಾರೋಹಿ ಹೈನ್‌ರಿಚ್ ಹಾರರ್ ತಂಡ ಸಿಕ್ಕಿಬಿದ್ದದ್ದು ಆಗಲೇ. ಯಹೂದಿ ನಿರಾಶ್ರಿತರನ್ನೂ ಮೊದಲು ಅದೇ ಗಂಟಿಗೆ ಕಟ್ಟಿದರು, ಆಮೇಲೆ ಸಮಿತಿ ಮಾಡಿ ಒಬ್ಬೊಬ್ಬರನ್ನೇ ವಿಚಾರಿಸಿ ಬಿಟ್ಟರು. ಆ ಕಾಯ್ದೆ ನಮ್ಮಲ್ಲಿ 2025ರವರೆಗೂ ಜಾರಿಯಲ್ಲಿತ್ತು. ಬೆಂಗಳೂರಿನ ಐಟಿ ಕಂಪನಿಗೆ ಬಂದ ಜರ್ಮನ್ ಎಂಜಿನಿಯರ್ ಎಫ್‌ಆರ್‌ಆರ್‌ಓ (ವಿದೇಶಿಯರ ನೋಂದಣಿ ಕಚೇರಿ) ಮುಂದೆ ಫಾರ್ಮು ತುಂಬಿಸಿ ತಲೆ ಚಚ್ಚಿಕೊಳ್ಳುತ್ತಿದ್ದನಲ್ಲ, ಅದು ಇದರ ಫಲವೇ.

@ಜಯನಗರ_ಜಗಲಿ, ಇನ್ನೂ ಕೆದಕುವುದಾದರೆ ಮೈಸೂರು ರೆಸಿಡೆನ್ಸಿಯ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಅಭಿಲೇಖ್ ಪಟಲ್ ಜಾಲತಾಣದಲ್ಲಿ ಹುಡುಕಬಹುದು. ಬರೀ 'ಸ್ಪೈ' ಅಂತ ಹೊಡೆದು ಕೂರಬೇಡಿ. ಗುಮಾಸ್ತರು ಕಡತಕ್ಕೆ ಬೇರೆ ಸಾದಾ ಹೆಸರು ಇಡುತ್ತಿದ್ದರು. 'ಭೇಟಿ', 'ಓಡಾಟ', 'ನೇಮಕಾತಿಗೆ ಮಂಜೂರಾತಿ' ಇಂಥದ್ದರ ಇಂಗ್ಲಿಷ್ ಹಾಕಿ, ಪಕ್ಕದಲ್ಲಿ ಮೈಸೂರು ಅಂತ, ಇಸವಿ 1908ರಿಂದ 1914. ಏನಾದರೂ ಸಿಕ್ಕಿದರೆ ಕಡತದ ನಂಬರ್ ಇಲ್ಲೇ ಹಾಕಿ, ನಾನೂ ನೋಡುತ್ತೇನೆ.